ಒಲ್ಶಿಂಕಾದ ಗಂಟೆಗೆ ಅದರ ನಾಲಿಗೆ ಬಿಟ್ಟುಕೊಡಿ

ಪ್ರಾಂತದ ಪ್ರಾಚ್ಯವಸ್ತು ಸಂರಕ್ಷಣಾಧಿಕಾರಿಗಳೇ,

ಮಾನ್ಯರೇ, ನಮ್ಮೂರ ಇಗರ್ಜಿಯ ಗಂಟೆಯ ನಾಲಿಗೆ ಸಿಕ್ಕಿ ಹನ್ನೊಂದು ತಿಂಗಳಾಯಿತು. ಅದು ಈಗಲೂ ಕಾಡಿನಲ್ಲಿ, ಮೊಣಕೈ ಆಳದ ಮಣ್ಣಿನಡಿ, ತಮ್ಮ ಅಪ್ಪಣೆಗಾಗಿ ಕಾಯುತ್ತ ಮಲಗಿದೆ. ಯುದ್ಧಕಾಲದಲ್ಲಿ ಅದನ್ನು ಹೂತವನು ಒಬ್ಬ ಕಮ್ಮಾರ. ಸಿಕ್ಕ ಮೇಲೆ ಅವನಿಗಿಂತ ಭದ್ರವಾಗಿ ಹೂತಿಟ್ಟ ಕೀರ್ತಿ ತಮ್ಮ ಕಚೇರಿಯದು. ಲಕೋಟೆಯಲ್ಲಿ ಕಳಿಸಿದ ಆರು ಪತ್ರಗಳನ್ನು ತಾವು ಓದಿದಂತಿಲ್ಲ. ಏಳನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವಲ್ಲದಿದ್ದರೂ ತಮ್ಮ ನೆರೆಮನೆಯವರಾದರೂ ಓದಿಯಾರು.

ನಾನು ಪೇಟೆಯ ಬೇಕರಿಯಲ್ಲಿ ಹಿಟ್ಟು ನಾದುವವಳು. ಕಾನೂನು ಕಲಿತದ್ದು ಬಸ್ ನಿಲ್ದಾಣದಲ್ಲಿ ಪುಕ್ಕಟೆ ಹಂಚುವ ಕಿರುಹೊತ್ತಗೆಗಳಿಂದ. ಭಾನುವಾರ ಲೋಹಶೋಧಕ ಹಿಡಿದು, ತಮ್ಮ ಮೊಹರಿನ ಅನುಮತಿ ಪತ್ರ ಜೇಬಿನಲ್ಲಿಟ್ಟು ಕಾಡಿಗೆ ಹೋಗುತ್ತಿದ್ದೆ. ಮೂರು ವರ್ಷಗಳಲ್ಲಿ ಸಿಕ್ಕ ಹಳೆಯ ನಾಣ್ಯಗಳು, ಸೈನಿಕರ ಅಂಗಿಯ ಗುಂಡಿಗಳು, ಒಂದು ತಾಮ್ರದ ಶಿಲುಬೆ ಎಲ್ಲವನ್ನೂ ತಂದೊಪ್ಪಿಸಿದ್ದೇನೆ. ಅವು ತಮ್ಮ ಬಾಗಿಲ ಹಿಂದಿನ ರಟ್ಟಿನ ಪೆಟ್ಟಿಗೆಯಲ್ಲಿವೆ. ಕಳೆದ ಸಲ ಬಂದಾಗ ಅದರ ಮೇಲೊಂದು ಹೂಕುಂಡವಿತ್ತು. ಗಿಡ ಸೊಗಸಾಗಿ ಬಂದಿದೆ. ಇತಿಹಾಸ ಒಳ್ಳೆಯ ಗೊಬ್ಬರವಿರಬೇಕು.

ಈಗ ನಾಲಿಗೆಯ ಕಥೆ. ಯುದ್ಧದಲ್ಲಿ ನಾಡನ್ನು ಆಕ್ರಮಿಸಿದ ಸೈನ್ಯದವರು ಊರೂರಿನ ಗಂಟೆಗಳನ್ನು ಇಳಿಸಿ ಕರಗಿಸಲು ಒಯ್ಯುತ್ತಿದ್ದರು. ಅಷ್ಟು ಭಾರದ ನಮ್ಮ ಗಂಟೆಯನ್ನು ಬಚ್ಚಿಡುವುದು ಯಾರಿಂದ ಸಾಧ್ಯವಿತ್ತು? ಗಂಟೆ ಬಾರಿಸುತ್ತಿದ್ದ ಕಮ್ಮಾರ ಅದರ ನಾಲಿಗೆಯನ್ನಷ್ಟೇ ಬಿಚ್ಚಿ, ಕೂಸಿನ ಗಾಡಿಯಲ್ಲಿಟ್ಟು, ಮೇಲೆ ಅಣಬೆ ಹರವಿ ಕಾಡಿಗೆ ಸಾಗಿಸಿದ. ಗಾಡಿ ತಳ್ಳಿದವಳು ಅವನ ಎಂಟು ವರ್ಷದ ಮಗಳು ಗೆನೊವೆಫಾ. ಸೈನ್ಯದ ಲಾರಿ ಕೆಸರಿನಲ್ಲಿ ಹೂತುಹೋಗಿ ಊರಿಗೆ ಬರಲೇ ಇಲ್ಲ, ಗಂಟೆ ಉಳಿಯಿತು. ಆದರೆ ಆ ಚಳಿಗಾಲದಲ್ಲೇ ಕಮ್ಮಾರ ತೀರಿಕೊಂಡ. ಯುದ್ಧ ಮುಗಿಯುವಷ್ಟರಲ್ಲಿ ಗುರುತಿನ ಮರಗಳೂ ಕೊಡಲಿಗೆ ಬಿದ್ದಿದ್ದವು. ಅಂದಿನಿಂದ ನಮ್ಮ ಗಂಟೆಯನ್ನು ಸುತ್ತಿಗೆಯಿಂದ ಬಡಿಯಲಾಗುತ್ತದೆ. ಈಗ ಬಡಿಯುವ ಕಲಿಕ್ಸ್ತ್ ಮಾವನ ಎಡಗೈ ಹೆಬ್ಬೆರಳು ಯಾವಾಗಲೂ ನೀಲಿ.

ಗೆನೊವೆಫಾ ಅಜ್ಜಿಗೆ ಈಗ ತೊಂಬತ್ತೊಂದು. ಆಕೆ ತೋರಿಸಿದ ಹಳ್ಳದ ದಂಡೆಯನ್ನು ನಾನು ಮೂರು ವರ್ಷ ಜಾಲಾಡಿದರೂ ಸಿಗಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಆಕೆ ನನ್ನ ಯಂತ್ರವನ್ನು ಅನುಮಾನದಿಂದ ನೋಡಿ ಕೇಳಿದಳು:

“ಇದು ಎಲ್ಲದಕ್ಕೂ ಕೂಗುತ್ತೇನೇ?”

“ಕಬ್ಬಿಣ ಒಂದು ಬಿಟ್ಟು, ಅಜ್ಜಿ. ಕಬ್ಬಿಣ ಬಂದ್ರೆ ಸುಮ್ನಿರೋ ಹಾಗೆ ತಿರುಗಿಸಿಟ್ಟಿದ್ದೀನಿ. ಇಲ್ದಿದ್ರೆ ತುಕ್ಕು ಹಿಡಿದ ಮೊಳೆ ಮೊಳೆಗೂ ಬಾಯಿ ಬಡ್ಕೊಳ್ಳುತ್ತೆ. ನಾಣ್ಯ ಹುಡುಕೋರೆಲ್ಲ ಹೀಗೇ ಮಾಡೋದು.”

“ಅಯ್ಯೋ ದಡ್ಡಿ! ನಾಲಿಗೆ ಏನು ಬೆಳ್ಳೀದಾ? ನಮ್ಮಪ್ಪ ಕುಲುಮೇಲಿ ಕಾಯ್ಸಿ ಬಡಿದ ಕಬ್ಬಿಣ ಕಣೇ ಅದು! ಮೂರು ವರ್ಷ ಅದರ ತಲೆ ಮೇಲೇ ಓಡಾಡಿದ್ದೀಯ, ಈ ಬಡಪಾಯಿ ಯಂತ್ರದ ಕಿವಿಗೆ ಹತ್ತಿ ತುರುಕಿ!”

ನಾಚಿಕೆಯಿಂದ ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಮರುದಿನವೇ ಯಂತ್ರ ಕೂಗಿತು. ಅಗೆದಾಗ ತುಕ್ಕು ಹಿಡಿದ ಕಬ್ಬಿಣದ ಬಳೆ ಕಂಡಿತು, ಅದರ ಕೆಳಗೆ ದಪ್ಪನೆಯ ದಂಟು. ಅಲ್ಲಿಗೆ ಗುದ್ದಲಿ ನಿಲ್ಲಿಸಿದೆ. “ಅಂಗೈಗಿಂತ ದೊಡ್ಡದು ಕಂಡರೆ ಮುಚ್ಚಿ ವರದಿ ಮಾಡತಕ್ಕದ್ದು” ಎಂದು ತಮ್ಮ ಪತ್ರದಲ್ಲಿತ್ತು. ಮುಚ್ಚಿದೆ, ಮೇಲೆ ಹಾವಸೆ ಹೊದಿಸಿದೆ, ವರದಿ ಮಾಡಿದೆ. ಇಡೀ ಪ್ರಾಂತದಲ್ಲಿ ಆ ವಾಕ್ಯವನ್ನು ಪಾಲಿಸಿದವಳು ನಾನೊಬ್ಬಳೇ ಇರಬಹುದು. ಅದರ ಶಿಕ್ಷೆಯನ್ನು ಈಗ ಅನುಭವಿಸುತ್ತಿದ್ದೇನೆ.

ತಮ್ಮ ಮೊದಲ ಉತ್ತರ: ನಿಮ್ಮ ಅನುಮತಿ ನಾಣ್ಯದಂಥ ಚಿಕ್ಕ ವಸ್ತುಗಳಿಗೆ ಮಾತ್ರ, ಹೊಸ ಅರ್ಜಿ ಹಾಕಿ, ಸಿಗಲಿರುವ ವಸ್ತುವಿನ ಬಗೆ ಮತ್ತು ಸಂಖ್ಯೆ ನಮೂದಿಸಿ. ನಮೂದಿಸಿದೆ: ನಾಲಿಗೆ, ಒಂದು. ಎರಡನೆಯ ಉತ್ತರ: ವಸ್ತು ಈಗಾಗಲೇ ಸಿಕ್ಕಿರುವುದರಿಂದ ಇದು ಶೋಧವಲ್ಲ, ಶೋಧದ ನಮೂನೆ ಸಲ್ಲದು. ಉತ್ಖನನದ ನಮೂನೆ ತುಂಬಿದೆ. ಅದಕ್ಕೆ ಅರಣ್ಯದವರ ಒಪ್ಪಿಗೆ ಬೇಕಂತೆ. ಅರಣ್ಯದವರು ಮೊದಲು ಪ್ರಾಚ್ಯವಸ್ತು ಕಚೇರಿಯ ಒಪ್ಪಿಗೆ ತರಲು ಹೇಳಿದರು. ಆ ಹಳ್ಳದ ದಂಡೆಯನ್ನು ಕಾಡುಹಂದಿಗಳು ಪ್ರತಿ ರಾತ್ರಿ ಉಳುತ್ತವೆ. ಅವು ಯಾವ ನಮೂನೆ ತುಂಬುತ್ತವೆ, ಮಾನ್ಯರೇ? ನಾನೂ ಅದನ್ನೇ ತುಂಬುತ್ತೇನೆ. ಕೊನೆಗೆ ತಮ್ಮ ಗುಮಾಸ್ತರೊಬ್ಬರು ದೂರವಾಣಿಯಲ್ಲಿ, “ಹೊಸದೊಂದು ಮಾಡಿಸ್ಕೊಳ್ಳಿ ತಾಯಿ, ಯಾಕಿಷ್ಟು ತಲೆನೋವು?” ಎಂದರು. ಅಜ್ಜಿಗೆ ಹೇಳಿದೆ. “ಅವನ ಹಲ್ಲಿನ ಸೆಟ್ಟು ಕಾಡಲ್ಲಿ ಬಿದ್ರೆ ಹುಡುಕಲ್ವೇನೇ ಅವ್ನು?” ಎಂದಳು.

ಊರಿನಲ್ಲಿ ಎರಡು ಪಕ್ಷಗಳಾಗಿವೆ. “ನಾಲಿಗೆ ಬಾರಿಸೋದು ಕೇಳದೆ ನಾನು ಸಾಯೋಳಲ್ಲ” ಎಂದು ಅಜ್ಜಿ ಸಾರಿದ್ದಾಳಲ್ಲ, ಹಾಗಾಗಿ ಆಕೆಯ ಸೊಸೆ ನನ್ನ ಕೈ ಹಿಡಿದು, “ಈ ಆಫೀಸಿನವ್ರು ಇನ್ನೂ ಹತ್ತು ವರ್ಷ ಎಳೀಲಿ ಕಣಮ್ಮ, ಅತ್ತೆ ನೂರು ದಾಟ್ತಾರೆ” ಎನ್ನುತ್ತಾಳೆ. ತಮ್ಮ ಇಲಾಖೆಗೆ ಇಷ್ಟು ಪ್ರಾಮಾಣಿಕ ಹಾರೈಕೆ ಇನ್ನೆಲ್ಲೂ ಸಿಗಲಾರದು. ಇನ್ನೊಂದು ಪಕ್ಷದ ನಾಯಕ ಕಲಿಕ್ಸ್ತ್ ಮಾವ.

“ಕತ್ತಲಾದ್ಮೇಲೆ ಹೋಗಿ ಕಿತ್ಕೊಂಡು ಬಾರೇ. ಯಾರು ನೋಡ್ತಾರೆ?”

“ಕದ್ದು ತರೋಕೆ ಅದೇನು ಬೇರೆಯವರದಾ, ಮಾವ?”

“ನಿನ್ನ ನ್ಯಾಯ ನನ್ನ ಹೆಬ್ಬೆರಳಿಗೆ ಹೇಳು!”

ಹೆಬ್ಬೆರಳಿಗೆ ಹೇಳಲಾಗದ್ದನ್ನು ತಮಗೆ ಹೇಳುತ್ತೇನೆ. ಆ ನಾಲಿಗೆ ಒಮ್ಮೆ ಅಧಿಕಾರಕ್ಕೆ ಹೆದರಿ, ಅಣಬೆಯಡಿ ಅಡಗಿ ಕಾಡಿಗೆ ಹೋಯಿತು. ಅಂದು ಬಂದವರು ದೋಚುವವರು. ಇಂದು ಇರುವವರು ನಮ್ಮವರು, ನಮ್ಮ ತೆರಿಗೆಯ ಸಂಬಳ ಉಣ್ಣುವವರು. ಮತ್ತೆ ಅಡಗಿಕೊಂಡೇ ಅದು ಊರಿಗೆ ಬರುವುದಾದರೆ ಈ ಎಂಬತ್ತಮೂರು ವರ್ಷಗಳಲ್ಲಿ ಬದಲಾದದ್ದಾದರೂ ಏನು? ಅದಕ್ಕೇ ನಾನು ಕಾಯುತ್ತಿದ್ದೇನೆ, ತಮ್ಮ ಭಯದಿಂದಲ್ಲ.

ನನ್ನ ಬೇಡಿಕೆ ಇಷ್ಟು. ನವೆಂಬರ್ ಒಂದರಂದು ನಾವು ಗೋರಿಗಳಿಗೆ ದೀಪ ಹಚ್ಚುತ್ತೇವೆ. ಅಂದು ಕಮ್ಮಾರನಿಗಾಗಿ ಅವನದೇ ನಾಲಿಗೆ ಬಾರಿಸಬೇಕು, ಮಗಳು ಕೇಳಬೇಕು. ಅದಕ್ಕೆ ಮುಂಚಿನ ಯಾವುದಾದರೂ ಭಾನುವಾರ, ಹಾಡುಹಗಲಲ್ಲಿ, ತಾವೇ ಬನ್ನಿ. ಅಗೆಸಿ, ಅಳೆಯಿರಿ, ಫೋಟೊ ತೆಗೆಯಿರಿ, ಬೇಕಾದ ನಮೂನೆ ತುಂಬಿರಿ. ಆಮೇಲೆ ರಟ್ಟಿನ ಪೆಟ್ಟಿಗೆಗಲ್ಲ, ಗೋಪುರಕ್ಕೆ ಕಳಿಸಿ. ಅಜ್ಜಿ ಅಣಬೆ ತುಂಬಿದ ಪಿಯೆರೋಗಿ ಕಡುಬು ಬೇಯಿಸಿ ಬಡಿಸುತ್ತಾಳಂತೆ. ಆ ಕೂಸಿನ ಗಾಡಿ ಅಟ್ಟದಲ್ಲಿ ಇನ್ನೂ ಇತ್ತು. ಚಕ್ರಗಳಿಗೆ ಎಣ್ಣೆ ಬಿಟ್ಟಿದ್ದೇವೆ. ಈ ಸಲ ಮೇಲೆ ಏನನ್ನೂ ಮುಚ್ಚದೆ, ದೊಡ್ಡ ರಸ್ತೆಯಲ್ಲೇ ತಳ್ಳಿಕೊಂಡು ಬರುತ್ತೇನೆಂದು ಅಜ್ಜಿ ಹಟ ಹಿಡಿದಿದ್ದಾಳೆ. ಒಂದು ಪಕ್ಕದ ಹಿಡಿ ತಮಗಾಗಿ ಬಿಟ್ಟಿದ್ದಾಳೆ.

ಇಂತಿ,
ಮೂರು ವರ್ಷ ಕಬ್ಬಿಣಕ್ಕೆ ಕಿವುಡಾಗಿದ್ದು, ಒಬ್ಬ ಮುದುಕಿ ಬೈದ ಮೇಲೆ ಕಿವಿ ಬಂದವಳು, ತಮಗೂ ಬರಲೆಂದು ಹಾರೈಸುವವಳು,
ಯಾಗೊದಾ ವಿಲ್ಕೊಶ್
ಒಲ್ಶಿಂಕಾ