ನಡುವಿನ ಬಯಲು

ಕೈಲಾಂಚ
೧೮-೧೧-೨೦೨೪

ಪ್ರೀತಿಯ ತಮ್ಮ ತಿಮ್ಮೇಶನಿಗೆ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ಹೆಂಡತಿ ಶಿವಲಕ್ಷ್ಮಿ, ಮಗಳು ಭಾನುಪ್ರಿಯ ಆರೋಗ್ಯವೇ? ಫೋನಿನಲ್ಲಿ ನನ್ನ ನಂಬರ್ ಕಂಡರೆ ನೀನು ಎತ್ತುವುದಿಲ್ಲ. ಅದಕ್ಕೇ ಹೊಂಗನೂರಿಗೆ ಹೊರಟಿರುವ ಹುಚ್ಚಯ್ಯನ ಕೈಲಿ ಕಾಗದ ಕಳಿಸುತ್ತಿದ್ದೇನೆ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಓದು, ಹರಿದು ಮಾತ್ರ ಹಾಕಬೇಡ.

ಎರಡು ತಿಂಗಳಿಂದ ಕನಕಪುರದ ವನಜಾಕ್ಷಿ ಎಂಬ ಹುಡುಗಿ ಇಲ್ಲಿ ಬಂಡೆ ಹಲ್ಲಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಕುರಿ ಕಾಯುವವನಿಗೆ ದಾರಿ ಗೊತ್ತೆಂದು ನನ್ನನ್ನೇ ಕರೆದುಕೊಂಡು ಹೋಗುತ್ತಾಳೆ. ನಮ್ಮ ಗುಡ್ಡದ ಹಲ್ಲಿ, ಹೊಲಗಳಾಚೆಯ ಗುಡ್ಡದ ಹಲ್ಲಿ, ಎರಡರ ಫೋಟೋ ತೋರಿಸಿದಳು. ನನ್ನ ಕಣ್ಣಿಗೆ ಎರಡೂ ಹಲ್ಲಿಯೇ. ಅವಳು ನಕ್ಕು, “ಒಂದ್ಕಾಲಕ್ಕೆ ಇವು ಒಂದೇ ವಂಶ ಕಣಣ್ಣಾ. ಬಂಡೆ ಬುಟ್ಟು ಬಯಲಿಗೆ ಇಳಿಯಾಕಿಲ್ಲ. ಲಕ್ಷಾಂತರ ವರ್ಸ ಅಲ್ಲಲ್ಲೇ ಉಳ್ಕಂಡು ಬ್ಯಾರೆ ಬ್ಯಾರೆ ಜಾತಿನೇ ಆಗೋದ್ವು. ಈಗ ಒಂದೇ ಕಲ್ಮೇಲೆ ಬುಟ್ರೂ ಕೂಡಾಕಿಲ್ಲ” ಅಂದಳು.

ಅಂದಿನಿಂದ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ಕೈಲಾಂಚಕ್ಕೂ ಹೊಂಗನೂರಿಗೂ ಎರಡು ಬಸ್ಸಿನ ದೂರ. ನಮಗೆ ಲಕ್ಷ ವರ್ಷ ಬೇಕಾಗಲಿಲ್ಲ, ಒಂಬತ್ತೇ ಸಾಕಾಯಿತು. ಹೋದ ತಿಂಗಳು ಚನ್ನಪಟ್ಟಣದ ಮದುವೆಯಲ್ಲಿ ಭಾನುಪ್ರಿಯ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು. ನಿನ್ನದೇ ಮೂಗು, ಅವ್ವನ ಗದ್ದ. “ಒಸಿ ನೀರು ಕೊಡಿ ಅಂಕಲ್” ಅಂದಳು. ನಾನು ನಿನ್ನ ದೊಡ್ಡಪ್ಪ ಕಣಮ್ಮಾ ಎನ್ನಲು ನಾಲಿಗೆ ಏಳಲಿಲ್ಲ. ನೀರು ಕೊಟ್ಟು ಎದ್ದುಬಂದೆ.

ತಪ್ಪು ನನ್ನದೇ. ಹಿಂಡು ಪಾಲಾದರೂ ವರ್ಷಕ್ಕೊಮ್ಮೆ ಟಗರು ಅದಲುಬದಲಾಗಬೇಕು, ಇಲ್ಲದಿದ್ದರೆ ತಳಿ ಕೆಡುತ್ತದೆ ಎಂದು ಅಪ್ಪ ಹೇಳಿಯೇ ಹೋಗಿದ್ದರು. ಪಾಲಾದ ವರ್ಷ ನೀನು ಮಾತು ಉಳಿಸಿಕೊಂಡು ಕಳಿಸಿದ ಟಗರನ್ನು ನಾನು ಬಾಗಿಲಿನಿಂದಲೇ ಅಟ್ಟಿದೆ. ಹಠಕ್ಕೆ ಬಿದ್ದು ಬೇರೆ ಕಡೆಯಿಂದಲೂ ತರಲಿಲ್ಲ. ಈ ಸಲ ಹುಟ್ಟಿದ ಮರಿಗಳಲ್ಲಿ ಐದು ಎದ್ದು ನಿಲ್ಲಲೇ ಇಲ್ಲ. ನಿನ್ನ ಹಿಂಡಿನದೊಂದು ಟಗರು ಕೊಡು. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ನೀವು ಮೂವರೂ ತಣ್ಣಗಿರಿ. ಭಾನುಪ್ರಿಯಳ ತಲೆ ನನ್ನ ಪರವಾಗಿ ಸವರು.

ನಿನ್ನ ಅಣ್ಣ,
ಮುತ್ತುರಾಜು

ತಾ.ಕ.: ಹುಚ್ಚಯ್ಯ ಅವಸರ ಮಾಡುತ್ತಿದ್ದಾನೆ. ಟಗರಿನ ಮಾತು ಹಾಗಿರಲಿ. ಅವ್ವ ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ಕಣ್ಣು ಪೂರ್ತಿ ಮಂಜಾಗಿದೆ. ಕೈ ಚಾಚಿ “ತಿಮ್ಮೇಶಾ, ಬಂದ್ಯೇನ್ಲಾ?” ಅನ್ನುತ್ತಾಳೆ. ನಾನೇ “ಊಂ ಕಣವ್ವಾ, ಬಂದೀನಿ” ಎಂದು ಕೈ ಹಿಡಿದುಕೊಳ್ಳುತ್ತಿದ್ದೆ. ಇಂದು ಬೆಳಗ್ಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ, “ಇದು ಅವನ ಕೈಯಲ್ಲ” ಎಂದು ಬಿಟ್ಟುಬಿಟ್ಟಳು. ಬೇಗ ಬಾ.