ಅಪ್ಪನ ಕೈ ಹೋಗುವಷ್ಟು ಜಾಗ

ಮಾರ್ಚ್ 3, ಬೆಳಿಗ್ಗೆ 7

ಮತ್ತೆ 10.4 ಟನ್. ಕಾಲುವೆಯ ಮೇಲಿನ ಕಾಲುಸೇತುವೆಯ ತೂಕ ಒಂಬತ್ತು ಟನ್ನಿನೊಳಗೆ ಬರಬೇಕು. ಆ ಓಣಿಯಲ್ಲಿ ನುಗ್ಗುವ ಕ್ರೇನ್ ಎತ್ತುವುದೇ ಅಷ್ಟು. ತಿಂಗಳ ಕೊನೆಯೊಳಗೆ ಬರದಿದ್ದರೆ ಸೇತುವೆಯನ್ನೇ ಕೈಬಿಡುತ್ತೇವೆ ಎಂದಿದ್ದಾರೆ ಬಾಸ್. ಆಚೆ ದಡದ ಮಕ್ಕಳು ಶಾಲೆಗೆ ಮೂರು ಕಿಲೋಮೀಟರ್ ಸುತ್ತುತ್ತಲೇ ಇರಬೇಕು.

ಸೇತುವೆಯ ಡಿಸೈನ್ ಹುಡುಕುವ ನನ್ನ ಕಂಪ್ಯೂಟರ್ ಪ್ರೋಗ್ರಾಮಿನದು ದೊಡ್ಡ ಸಂಸಾರ. ಇನ್ನೂರು ಡಿಸೈನ್‌ಗಳು. ಒಳ್ಳೆಯವಕ್ಕೆ ಜೋಡಿ ಕಟ್ಟುವುದು, ಮರಿ ಮಾಡಿಸುವುದು, ಸೋತವನ್ನು ಎಸೆಯುವುದು... ಮತ್ತೆ ಮೊದಲಿಂದ. ಓದಿದ್ದು ಎಂಜಿನಿಯರಿಂಗ್, ಮಾಡುತ್ತಿರುವುದು ಮದುವೆ ದಲ್ಲಾಳಿ ಕೆಲಸ.

ಮಾರ್ಚ್ 8

8.6! ಓಡಿಹೋಗಿ ಅಪ್ಪನಿಗೆ ತೋರಿಸಿದೆ. ನಲವತ್ತು ವರ್ಷ ವೆಲ್ಡರ್ ಆಗಿದ್ದವರು. ಕನ್ನಡಕ ಏರಿಸಿ, ಐದು ಪೈಪು ಸೇರುವ ಮೂಲೆಗೆ ಬೆರಳಿಟ್ಟರು.

"ಇಲ್ಲಿ ಬೆಸುಗೆ ಹಾಕೋಕೆ ನನ್ನ ಕೈ ಎಲ್ಲಿ ತೂರಿಸ್ಲಿ?"

ತೂಕ ಹೇಳಿದ್ದೆ, ಬಲ ಹೇಳಿದ್ದೆ. ಕೈ ಹೋಗಬೇಕೆಂದು ಪ್ರೋಗ್ರಾಮಿಗೆ ಹೇಳಿಯೇ ಇರಲಿಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು — ಅಪ್ಪ ಹೇಳಿದ್ದು ಸರಿ ಎನ್ನುವುದಕ್ಕೇ.

ಮಾರ್ಚ್ 9

ಹೊಸ ನಿಯಮ: ಪೈಪುಗಳ ನಡುವೆ ಕನಿಷ್ಠ 35 ಡಿಗ್ರಿ. ಕೋಡಿನಲ್ಲಿ ಅದರ ಹೆಸರು 'ಅಪ್ಪನ ಕೈ'. ಕೈ ಹಿಡಿಸದ್ದೆಲ್ಲ ಕಸದ ಬುಟ್ಟಿಗೆ. 9.7.

ಮಾರ್ಚ್ 17

9.7. ನಲವತ್ತು ಸಲ ಓಡಿಸಿದೆ. ಇನ್ನೂರೂ ಒಂದೇ ಅಚ್ಚು. ಫೈಲ್ ಮುಚ್ಚೋಣವೇ ಎಂದು ಕೇಳಿದರು ಬಾಸ್. ಇನ್ನೂ ಹದಿನಾಲ್ಕು ದಿನ ಇದೆ ಎಂದೆ. ಬಿಡುವವಳಲ್ಲ ನಾನು.

ಮಾರ್ಚ್ 22, ಮಧ್ಯಾಹ್ನ 2

ಊಟಕ್ಕೆ ಕೂತಾಗ ಅಪ್ಪನ ಮುಂದೆ ಗೋಳು ತೋಡಿಕೊಂಡೆ. ಅವರ ಚಮಚ ನಡುಗುತ್ತಿತ್ತು. ಆ ನಡುಕಕ್ಕೇ ಕೆಲಸ ಬಿಟ್ಟು ಆರು ವರ್ಷ.

"ತಪ್ಪಾಗಿ ಕೊಯ್ದ ತುಂಡನ್ನ ನಾನ್ಯಾವತ್ತೂ ಎಸೀಲಿಲ್ಲ. ಮೂಲೇಲಿ ಇಡ್ತಿದ್ದೆ. ಇನ್ಯಾವುದಕ್ಕೋ ಸರಿಯಾಗಿ ಕೂರುತ್ತೆ."

ತಟ್ಟೆ ಬಿಟ್ಟು ಎದ್ದೆ. ಸ್ವಲ್ಪದರಲ್ಲಿ ಫೇಲ್ ಆದವನ್ನು ಎಸೆಯುತ್ತಿಲ್ಲ ಇನ್ನು. ಪ್ರತಿ ಪೀಳಿಗೆಯಲ್ಲೂ ಅಂಥ ಮೂವತ್ತನ್ನು ಉಳಿಸಿ, ಪಾಸಾದವಕ್ಕೆ ಗಂಟು ಹಾಕುತ್ತಿದ್ದೇನೆ.

ಮಾರ್ಚ್ 25

8.8. ಪ್ರತಿ ಮೂಲೆಯಲ್ಲೂ ಕೈ ಹೋಗುತ್ತದೆ. ಮೂರು ಸಲ ಚೆಕ್ ಮಾಡಿದೆ, ಆಮೇಲೆ ಅತ್ತೆ. ಬಾಸ್ ಸಹಿ ಹಾಕಿದರು.

ಸೆಪ್ಟೆಂಬರ್ 14, ಬೆಳಿಗ್ಗೆ 9.20, ಕಾಲುವೆ ದಡ

ಅಪ್ಪ ವೀಲ್‌ಚೇರಿನಲ್ಲಿ. ಜುಲೈನಲ್ಲಿ ಸ್ಟ್ರೋಕ್ ಆದ ಮೇಲೆ ಬಲಗೈ ಏಳುವುದಿಲ್ಲ. ಎಲ್ಲೂ ಕೈ ಸಿಕ್ಕಿಕೊಳ್ಳಲಿಲ್ಲ ಎಂದಳು ಬೆಸುಗೆ ಹಾಕಿದ ವೆಲ್ಡರ್. ಅಪ್ಪನಿಗೆ ಅಷ್ಟು ಸಾಲದು. ಕ್ರೇನಿನ ಸರಪಳಿ ಬಿಗಿಯುವ ಮುಂಚೆ ಸೇತುವೆಯ ಹತ್ತಿರ ತಳ್ಳಿಸಿಕೊಂಡು, ಎಡಗೈಯಿಂದ ಬಲಗೈ ಎತ್ತಿ, ಐದು ಪೈಪಿನ ಆ ಮೂಲೆಯೊಳಗೆ ತೂರಿಸಿ ನೋಡಿದರು. ಹೋಯಿತು. ತೆಗೆಯಲು ತುಂಬ ಹೊತ್ತು ಮಾಡಿದರು.

ಈಗ ದೂರ ಬಂದು ನಿಂತಿದ್ದೇವೆ. ಸರಪಳಿ ಬಿಗಿಯಿತು. ಒಂದಿಂಚು... ನೆಲ ಬಿಟ್ಟಿತು. ಬರೆದದ್ದು ಸಾಕು, ತಲೆ ಎತ್ತಿ ನೋಡು ಅನ್ನುತ್ತಿದ್ದಾರೆ ಅಪ್—