ಪರವೂರಿನವರ ಮಾತು

ಬ್ರಿನ್ ಏಲಿಯನ್
ಏಪ್ರಿಲ್ 9, 1987

ಪ್ರೀತಿಯ ತಂಗಿ ಮೆರೆರಿದ್,

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ನಾನು ಪೆನ್ನು ಹಿಡಿಯುವಷ್ಟರಲ್ಲಿ ನಿನ್ನ ಭಾವ ಇದ್ವಾಲ್ ಬಾಗಿಲು ತೆಗೆದು ಗುಡ್ಡದ ಕಡೆ ಹೊರಟಿರುತ್ತಾನೆ. ಅವನನ್ನು ಹಿಡಿದು ತರುವಷ್ಟರಲ್ಲಿ ಬರೆಯಬೇಕಾದ್ದು ನನಗೇ ಮರೆತಿರುತ್ತದೆ. ಒಂದು ಮನೆಗೆ ಇಬ್ಬರು ಮರೆಗುಳಿಗಳು ಅಂದುಕೋ.

ಇಲ್ಲಿ ಕುರಿಗಳು ಈಯುತ್ತಿವೆ, ಗಾಳಿಯಂತೂ ನಿಂತಿಲ್ಲ. ಹಳೇ ಚರ್ಚನ್ನೂ ಅದರೊಳಗಿನ ಶಿಲುಬೆಗಲ್ಲನ್ನೂ ನೋಡಲು ಜನ ಬರತೊಡಗಿದ್ದಾರೆ. ಬೀಗದಕೈ ನಮ್ಮಲ್ಲಿರುವುದರಿಂದ, ಸರಿಯಾಗಿ ನಾವು ಸಾರು ಬಡಿಸಿಕೊಂಡಾಗಲೇ ಬಾಗಿಲು ಬಡಿಯುತ್ತಾರೆ. ಸಾವಿರದ ಇನ್ನೂರು ವರ್ಷ ಕಾದಿರುವ ಕಲ್ಲು ಇನ್ನೈದು ನಿಮಿಷ ಕಾಯುವುದಿಲ್ಲವೇ? ಇದ್ವಾಲ್ ಮಾತ್ರ ತಟ್ಟೆ ಬಿಟ್ಟು ಏಳುತ್ತಾನೆ. ಬೆಳಿಗ್ಗೆ ತಿಂದದ್ದು ನೆನಪಿರದು, ಕಲ್ಲಿನ ಕಥೆಯಲ್ಲಿ ಒಂದಕ್ಷರ ತಪ್ಪುವುದಿಲ್ಲ. ಅದೂ ತನ್ನ ಒರಟು ಇಂಗ್ಲಿಷಿನಲ್ಲಿ.

ಅವನನ್ನು ಪಟ್ಟಣದ ಆರೈಕೆ ಮನೆಗೆ ಸೇರಿಸೆಂದು ನೀನು ಬರೆದಿದ್ದೆ. ಅದೇ ಮಾತಿಗೆ ಸಮಾಜಸೇವಾ ಕಚೇರಿಯ ಹುಡುಗಿಯೂ ಮೂರು ಸಲ ಬಂದುಹೋದಳು. ಅಂಗಡಿ ಡಿಲಿಸ್ ಅಂತೂ ಎಲ್ಲರ ಮುಂದೆ ಕೇಳಿಯೇಬಿಟ್ಟಳು.

"ಲೇ ಗ್ವೆನ್ನೋ, ಹಿಂಗೇ ಆದ್ರೆ ಅವನಿಗಿಂತ ಮೊದ್ಲು ನೀನು ಹೋಗ್ತೀಯ. ಆಮೇಲೆ ಅವನ ಚಡ್ಡಿ ನಾನು ಬದಲಾಯಿಸ್ಬೇಕಾ?"

"ಹರೆಯದಲ್ಲಿ ಅವನ ಹಿಂದೆ ಬಿದ್ದಿದ್ಯಲ್ಲ, ಈಗ ಬೇಡ್ವಾ?" ಎಂದೆ. ಅಂಗಡಿಯೆಲ್ಲ ನಕ್ಕಿತು. ನಗು ನಿಂತ ಮೇಲೆ ಅವಳಿಗೆ ನಿಜ ಹೇಳಿದೆ. "ಅಲ್ಲಿ ನಮ್ಮ ವೆಲ್ಶ್ ಮಾತು ಯಾರಿಗೂ ಬರಲ್ಲ ಡಿಲಿಸ್. ನೀರು ಬೇಕು ಅಂದ್ರೂ ಅರ್ಥ ಆಗಲ್ಲ. ಅವನಿಗೆ ಇಂಗ್ಲಿಷು ಪರವೂರಿನವರ ಹತ್ರ ಆಡೋ ಮಾತು, ಮನೆ ಮಾತಲ್ಲ. ನನ್ನ ಹತ್ರ ನಮ್ಮ ಮಾತಾಡ್ತಿರೋವರೆಗೂ ಅವನನ್ನ ಕಳಿಸಲ್ಲ."

ದಣಿದಿದ್ದೇನೆ ಮೆರೆರಿದ್. ಮೈಯಿಗಿಂತ ಮನಸ್ಸು ಹೆಚ್ಚು ಸೋತಿದೆ. ಈ ಭಾನುವಾರ ಹೂವಿನ ಭಾನುವಾರ. ಅಮ್ಮನ ಸಮಾಧಿ ತೊಳೆದು, ನಿನ್ನ ಪಾಲಿನ ಹೂವನ್ನೂ ಇಡುತ್ತೇನೆ. ನಿನ್ನ ಮಂಡಿನೋವು ಬೇಗ ವಾಸಿಯಾಗಲಿ, ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಗ್ವೆನ್ನೋ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಚರ್ಚಿನ ಬೆಂಚುಗಳನ್ನು ಒರೆಸುತ್ತಿದ್ದೆ. ಇದ್ವಾಲ್ ಒಳಗೆ ಬಂದು, ನನ್ನನ್ನು ನೋಡಿ ತಲೆಬಾಗಿ, "ದೂರದಿಂದ ಬಂದಿದ್ದೀರಾ ಮೇಡಂ?" ಎಂದ. ಇಂಗ್ಲಿಷಿನಲ್ಲಿ. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ನನ್ನೊಡನೆ ಆ ಭಾಷೆ ಆಡಿದವನಲ್ಲ. ಹೌದು, ದೂರದಿಂದ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ನಾವು ಮದುವೆಯಾದ ಆ ಜಾಗವನ್ನೆಲ್ಲ ಸುತ್ತಾಡಿಸಿ ತೋರಿಸಿದ. ಕೊನೆಗೆ ಬಾಗಿಲವರೆಗೂ ಬಂದು ಕೈ ಕುಲುಕಿ, "ಮುಂದಿನ ಸಲ ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ," ಎಂದ.

ಸೋಮವಾರ ಬಾ ಎಂದು ಕಚೇರಿಯ ಆ ಹುಡುಗಿಗೆ ಹೇಳಿಕಳಿಸಿದ್ದೇನೆ.